ಎಮ್ಮೆಗೆ ಬರೆ ಹಾಕುವ ಮುನ್ನ: ಸೈಕಲ್ ಟ್ರೈನರ್ ಕೈಕೊಟ್ಟಾಗ ಎಲ್ಲಿಂದ ಹುಡುಕಬೇಕು

ಮಿನಿಯಾಪೊಲಿಸ್‌ನಲ್ಲಿ ಡಿಸೆಂಬರ್ ಸೂರ್ಯ ಸಂಜೆ ನಾಲ್ಕೂವರೆಗೆಲ್ಲ ಅಂಗಡಿ ಮುಚ್ಚಿಬಿಡುತ್ತಾನೆ. ಜನವರಿಯಲ್ಲಿ ಮೈನಸ್ 20 ಡಿಗ್ರಿ ಇಲ್ಲಿ ಸುದ್ದಿಯೇ ಅಲ್ಲ. ಹಳೆಯ ರೈಲು ಹಳಿಯ ಜಾಡಿನಲ್ಲಿ ಮಾಡಿರುವ ಮಿಡ್‌ಟೌನ್ ಗ್ರೀನ್‌ವೇ ಎಂಬ ಸೈಕಲ್ ದಾರಿಯ ಹಿಮವನ್ನು ಚಳಿಗಾಲದಲ್ಲೂ ತೆಗೆಯುತ್ತಾರೆ. ಮೊಳೆ ಇರುವ ಟೈರು ಹಾಕಿಕೊಂಡು, ಕಣ್ಣು ಮಾತ್ರ ಕಾಣುವ ಹಾಗೆ ಸುತ್ತಿಕೊಂಡು ಅದರ ಮೇಲೆ ಹೋಗುವ ಗಟ್ಟಿಗರು ಇದ್ದಾರೆ. ನಾನು ಆ ಜಾತಿಯವನಲ್ಲ. ನವೆಂಬರ್ ಬಂತೆಂದರೆ ನನ್ನ ಸೈಕಲ್ಲು ಬೇಸ್ಮೆಂಟ್ ಸೇರಿ ಟ್ರೈನರ್ ಮೇಲೆ ಕೂರುತ್ತದೆ. ಟ್ರೈನರ್ ಎಂದರೆ ಸೈಕಲ್ಲನ್ನು ನಿಂತಲ್ಲೇ ತುಳಿಯುವಂತೆ ಹಿಡಿದು, ಪೆಡಲನ್ನು ಬೇಕಾದಷ್ಟು ಬಿಗಿ ಮಾಡಿ, ತುಳಿದ ಲೆಕ್ಕವನ್ನು ಕಂಪ್ಯೂಟರಿನ ಆ್ಯಪಿಗೆ ಕಳಿಸುವ ಯಂತ್ರ. "ಎಲ್ಲಿಗೂ ಹೋಗದ ಸೈಕಲ್ಲಿಗೆ ಅಷ್ಟು ದುಡ್ಡು ಸುರಿದ್ಯೇನೋ?" ಎಂದು ದಾವಣಗೆರೆಯಿಂದ ಅಮ್ಮ ಪ್ರತಿ ವರ್ಷ ಕೇಳುತ್ತಾಳೆ. ಅದಕ್ಕೆ ನನ್ನಲ್ಲಿ ಉತ್ತರ ಇಲ್ಲ. ಆದರೆ ಆ ಎಲ್ಲಿಗೂ ಹೋಗದ ಸೈಕಲ್ಲು ಕೆಟ್ಟಾಗ ಏನು ಮಾಡಬೇಕು ಎನ್ನುವುದನ್ನು ಆರು ಚಳಿಗಾಲಗಳಲ್ಲಿ, ಸಾಕಷ್ಟು ತಪ್ಪು ಮಾಡಿಯೇ, ಕಲಿತಿದ್ದೇನೆ.

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರು ಅಂತ ನಮ್ಮಲ್ಲಿ ಗಾದೆ ಇದೆಯಲ್ಲ, ಟ್ರೈನರ್ ವಿಷಯದಲ್ಲಿ ಆಗುವುದು ಅದೇ. ಸದ್ದು ಬಂದರೂ, ಸಿಗ್ನಲ್ ಹೋದರೂ, ಕಾಲು ಸೋತರೂ ಬೈಗುಳ ಟ್ರೈನರಿಗೆ. ನನ್ನ ಮನೆಯಲ್ಲಿ ಕಂಡ ದೋಷಗಳಲ್ಲಿ ನಿಜವಾಗಿ ಟ್ರೈನರಿನೊಳಗೆ ಇದ್ದದ್ದು ಒಂದೇ ಒಂದು. ಮಿಕ್ಕವು ಸೈಕಲ್ಲಿನಲ್ಲಿ, ಕೋಣೆಯ ಗಾಳಿಯಲ್ಲಿ, ಮೇಲಿನ ಅಡುಗೆಮನೆಯಲ್ಲಿ, ನನ್ನ ಮೈಯಲ್ಲಿ ಇದ್ದವು. ಆದ್ದರಿಂದ ಸ್ಕ್ರೂ ಬಿಚ್ಚುವ ಕೆಲಸ ಕೊನೆಗೆ ಇರಲಿ. ಒಂದು ಸಲಕ್ಕೆ ಒಂದನ್ನೇ ಬದಲಿಸಿ, ಬದಲಿಸಿದ್ದನ್ನು ಎಲ್ಲಾದರೂ ಬರೆದಿಡಿ. ಬರೆದಿಡಿ ಎಂದು ಯಾಕೆ ಹೇಳುತ್ತಿದ್ದೇನೆ ಎನ್ನುವುದು ಕೊನೆಯಲ್ಲಿ ಗೊತ್ತಾಗುತ್ತದೆ.

ಮೊದಲು ನಿಮ್ಮದು ಯಾವ ಜಾತಿ ನೋಡಿ

ಹಿಂದಿನ ಚಕ್ರವನ್ನು ಹಾಗೇ ಬಿಟ್ಟು, ಟೈರು ಒಂದು ಲೋಹದ ಉರುಳೆಗೆ ಒತ್ತುವಂತೆ ಕೂರಿಸುವುದು ಒಂದು ಬಗೆ. ಹಿಂದಿನ ಚಕ್ರವನ್ನೇ ಕಳಚಿ, ಚೈನನ್ನು ನೇರವಾಗಿ ಟ್ರೈನರಿನ ಕ್ಯಾಸೆಟ್ಟಿಗೆ (ಗೇರಿನ ಹಲ್ಲುಚಕ್ರಗಳ ಗೊಂಚಲಿಗೆ) ಹಾಕುವುದು ಇನ್ನೊಂದು. ಇದಕ್ಕೆ ಡೈರೆಕ್ಟ್ ಡ್ರೈವ್ ಎನ್ನುತ್ತಾರೆ. ಮೊದಲನೆಯದರಲ್ಲಿ ಹತ್ತಕ್ಕೆ ಎಂಟು ತಕರಾರು ಟೈರಿನದು. ಎರಡನೆಯದರಲ್ಲಿ ಟೈರೇ ಇಲ್ಲ, ತಕರಾರು ಕ್ಯಾಸೆಟ್ ಮತ್ತು ಗೇರಿನ ಕಡೆ ಸರಿಯುತ್ತದೆ. ಸ್ನೇಹಿತನ ಮನೆಯಲ್ಲಿ ಕೆಲಸ ಮಾಡಿದ ಮದ್ದು ನಿಮ್ಮಲ್ಲಿ ಮಾಡದಿದ್ದರೆ ಕಾರಣ ಸಾಮಾನ್ಯವಾಗಿ ಇಷ್ಟೇ.

ಸದ್ದು

ಹೊರಗೆ ರಸ್ತೆಯಲ್ಲಿ ಗಾಳಿಯ ಸದ್ದಿನಲ್ಲಿ ಮುಚ್ಚಿಹೋಗುವ ಕಿರಿಕಿರಿಯೆಲ್ಲ ಬೇಸ್ಮೆಂಟಿನ ನಾಲ್ಕು ಗೋಡೆಯ ನಡುವೆ ಎದ್ದು ಕೂರುತ್ತದೆ. ಹಾಗಾಗಿ ಹೊಸ ಸದ್ದೆಲ್ಲ ಹೊಸ ದೋಷವಲ್ಲ. ಆದರೂ ಸದ್ದಿನಷ್ಟು ಒಳ್ಳೆಯ ಸುಳಿವು ಇನ್ನೊಂದಿಲ್ಲ.

ಮಾಡಬೇಕಾದ ಮೊದಲ ಪರೀಕ್ಷೆಗೆ ಪಾನಾ ಬೇಡ. ಚೆನ್ನಾಗಿ ವೇಗ ಹಿಡಿಸಿ, ತಟ್ಟನೆ ಪೆಡಲ್ ನಿಲ್ಲಿಸಿ, ಕಿವಿಗೊಡಿ. ಕಾಲು ನಿಂತ ಮೇಲೂ ಅದೇ ಸದ್ದು ಮುಂದುವರಿದರೆ ಅದು ಪೆಡಲಿಗೆ ಸಂಬಂಧಿಸಿದ್ದಲ್ಲ. ಟ್ರೈನರಿನ ಭಾರದ ಚಕ್ರ, ಬೆಲ್ಟು, ಬೇರಿಂಗು, ಇಲ್ಲವೇ ಟೈರು ಮತ್ತು ಉರುಳೆ. ಕಾಲಿನ ಜೊತೆಗೇ ಸದ್ದೂ ನಿಂತರೆ ಟ್ರೈನರನ್ನು ಮರೆತು ಚೈನು, ಪೆಡಲು, ಸೀಟಿನ ಕಡೆ ಬನ್ನಿ. ಕಾಲು ನಿಲ್ಲಿಸಿದಾಗ ಮಾತ್ರ ಬರುವ ಟಿಕ್‌ಟಿಕ್‌ಟಿಕ್ ಫ್ರೀಹಬ್ಬಿನದು (ಕ್ಯಾಸೆಟ್ ಕೂರುವ, ಒಂದೇ ದಿಕ್ಕಿಗೆ ಕಚ್ಚುವ ಗುಂಬ), ಅದು ಇರಲೇಬೇಕು. ಅದನ್ನು ದೋಷವೆಂದು ತಿಳಿದು ನಾನು ಒಂದು ಸಂಜೆಯನ್ನೇ ಕಳೆದಿದ್ದೇನೆ.

ಸದ್ದು ಕಾಲಿನ ಜೊತೆ ನಿಲ್ಲುತ್ತದೆ ಎಂದಾದರೆ ಅದರ ತಾಳ ಎಣಿಸಿ. ಪೆಡಲಿನ ಒಂದೊಂದು ಸುತ್ತಿಗೂ ಸರಿಯಾಗಿ ಒಂದು ಸಲ "ಟಕ್" ಎಂದರೆ ಪೆಡಲು, ಕ್ರ್ಯಾಂಕು (ಪೆಡಲಿನ ತೋಳು) ಅಥವಾ ಅದರ ಬುಡದ ಬೇರಿಂಗು. ಶೂ ತಳದಲ್ಲಿ ಪೆಡಲಿಗೆ ಸಿಕ್ಕಿಕೊಳ್ಳುವ ಕ್ಲೀಟು ಸಡಿಲವಾಗಿದ್ದರೂ ಇದೇ ತಾಳ. ಬೇರೆ ಶೂ ಹಾಕಿ ತುಳಿದರೆ ಗೊತ್ತಾಗುತ್ತದೆ. ಪೆಡಲಿನ ಎರಡು ಸುತ್ತಿಗಿಂತ ಚೂರು ಹೆಚ್ಚಿಗೆ ಒಮ್ಮೆ ಬರುತ್ತಿದ್ದರೆ ಚೈನಿನ ಒಂದು ಕೊಂಡಿ ಬಿಗಿದುಕೊಂಡಿದೆ. ಲೆಕ್ಕ ಸುಲಭ: ಮುಂದೆ 50 ಹಲ್ಲು, ಚೈನಿನಲ್ಲಿ 110 ಕೊಂಡಿ ಇದ್ದರೆ, ಒಂದೇ ಕೊಂಡಿ ಮತ್ತೆ ಅದೇ ಜಾಗಕ್ಕೆ ಬರಲು 2.2 ಸುತ್ತು ಬೇಕು. ಪೆಡಲನ್ನು ಕೈಯಲ್ಲಿ ನಿಧಾನವಾಗಿ ಹಿಂದಕ್ಕೆ ತಿರುಗಿಸುತ್ತ ಹೋದರೆ ಆ ಕೊಂಡಿ ಹಿಂದಿನ ಪುಟ್ಟ ಗಾಲಿಗಳಲ್ಲಿ ಹಾದುಹೋಗುವಾಗ ಗೇರು ಬದಲಿಸುವ ತೋಳು, ಅಂದರೆ ಡಿರೇಲರ್, ಒಮ್ಮೆ ಕುಪ್ಪಳಿಸುತ್ತದೆ. ತಾಳವೇ ಇಲ್ಲದೆ ಮೈ ಅಲುಗಿದಾಗಲೆಲ್ಲ ಕಿರ್ ಎನ್ನುತ್ತಿದ್ದರೆ ಎದ್ದು ನಿಂತು ತುಳಿಯಿರಿ. ಸದ್ದು ಹೋಯಿತೇ? ಸೀಟಿನ ಕಂಬ. ಹೋಗಲಿಲ್ಲವೇ? ಹಿಂದಿನ ಆಕ್ಸಲ್ ಟ್ರೈನರಿಗೆ ಕೂರುವ ಜಾಗವನ್ನು ಒರೆಸಿ, ತೆಳ್ಳಗೆ ಗ್ರೀಸ್ ಹಚ್ಚಿ ಬಿಗಿ ಮಾಡಿ.

ಡೈರೆಕ್ಟ್ ಡ್ರೈವ್‌ನಲ್ಲಿ ಇನ್ನೊಂದು ಸದ್ದಿದೆ: ಬಲ ಹಾಕಿದಾಗ ಕ್ಯಾಸೆಟ್ಟಿನ ಕಡೆಯಿಂದ ಲಟಕ್ ಲಟಕ್. ಕ್ಯಾಸೆಟ್ಟನ್ನು ಬೆರಳಲ್ಲಿ ಹಿಡಿದು ಅತ್ತಿತ್ತ ಅಲ್ಲಾಡಿಸಿ. ಅಲ್ಲಾಡಿದರೆ ಒಳಗೆ ಒಂದು ಉಂಗುರ ಬಿಟ್ಟುಹೋಗಿದೆ. 11 ಗೇರಿನ ಶಿಮಾನೊ ಮಾದರಿಯ ಫ್ರೀಹಬ್ ಮೇಲೆ 8, 9 ಅಥವಾ 10 ಗೇರಿನ ಕ್ಯಾಸೆಟ್ ಹಾಕಬೇಕಾದರೆ ಮೊದಲು 1.85 ಮಿ.ಮೀ. ದಪ್ಪದ ಉಂಗುರ ಕೂರಿಸಬೇಕು. ಅದು ಟ್ರೈನರಿನ ಡಬ್ಬಿಯಲ್ಲೇ, ಯಾರೂ ಬಿಚ್ಚದ ಸಣ್ಣ ಪೊಟ್ಟಣದಲ್ಲಿ, ಬಂದಿರುತ್ತದೆ. ಉಂಗುರ ಇದ್ದೂ ಅಲ್ಲಾಡಿದರೆ ಕ್ಯಾಸೆಟ್ಟನ್ನು ಹೊರಗಿನಿಂದ ಹಿಡಿದಿಡುವ ಲಾಕ್‌ರಿಂಗ್ ಸಡಿಲ. ಅದನ್ನು 40 ನ್ಯೂಟನ್ ಮೀಟರ್‌ವರೆಗೆ ಬಿಗಿಯಬೇಕು, ಅಂದರೆ ಉದ್ದ ಹಿಡಿಯ ಪಾನಾ ಹಾಕಿ ಮೈಭಾರ ಕೊಟ್ಟು ತಿರುಗಿಸುವಷ್ಟು.

ಗೇರು ತಾನಾಗಿ ಹಾರುತ್ತಿದ್ದರೆ ಎರಡು ಕಾರಣ ಇರಬಹುದು. ಚಕ್ರದ ಕ್ಯಾಸೆಟ್ಟೂ ಟ್ರೈನರಿನ ಕ್ಯಾಸೆಟ್ಟೂ ಕೂದಲೆಳೆಯಷ್ಟು ಹಿಂದೆಮುಂದೆ ಕೂತಿರುತ್ತವೆ. ಡಿರೇಲರಿನ ಕೇಬಲ್ ಬುಡದ ತಿರುಪನ್ನು ಕಾಲು ಸುತ್ತು ಅತ್ತ, ಕಾಲು ಸುತ್ತು ಇತ್ತ ಮಾಡಿ ನೋಡಿ; ಎಷ್ಟು ತಿರುಗಿಸಿದಿರಿ ಎನ್ನುವುದನ್ನು ಚೀಟಿ ಬರೆದು ಟ್ರೈನರಿಗೇ ಅಂಟಿಸಿ, ಏಪ್ರಿಲಿನಲ್ಲಿ ಚಕ್ರ ಮತ್ತೆ ಹಾಕುವಾಗ ಬೇಕಾಗುತ್ತದೆ. ಇದರಿಂದ ಸರಿಹೋಗದೆ, ಬಲವಾಗಿ ತುಳಿದಾಗ ಮಾತ್ರ ಚೈನು ಹಲ್ಲು ಬಿಟ್ಟು ಜಾರುತ್ತಿದ್ದರೆ ಹೊಸ ಕ್ಯಾಸೆಟ್ಟಿಗೆ ಸವೆದ ಚೈನು ಹಾಕಿದ್ದೀರಿ. ಹಳೆಯ ಚಕ್ರದ ಮೇಲೆ ಅದೇ ಚೈನು ಸುಮ್ಮನಿರುತ್ತದೆ, ಯಾಕೆಂದರೆ ಅಲ್ಲಿ ಹಲ್ಲೂ ಜೊತೆಗೇ ಸವೆದಿರುತ್ತದೆ. ಚೈನು ಬದಲಿಸಿ, ಟ್ರೈನರನ್ನು ಬೈಯಬೇಡಿ.

ಚಕ್ರ ಕಳಚಿದಾಗ ಒಂದು ಎಚ್ಚರ. ಡಿಸ್ಕ್ ಬ್ರೇಕಿನ ಸೈಕಲ್ಲಾದರೆ ಪ್ಯಾಡುಗಳ ನಡುವೆ ಪ್ಲಾಸ್ಟಿಕ್ ತುಂಡು ಸಿಕ್ಕಿಸಿ. ಇಲ್ಲದಿದ್ದರೆ ಮಗುವೋ ನೀವೋ ಒಮ್ಮೆ ಬ್ರೇಕ್ ಹಿಡಿದರೆ ಸಾಕು, ಪಿಸ್ಟನ್ ಹೊರಗೆ ಬಂದು ಚಕ್ರ ಮತ್ತೆ ಒಳಗೆ ಹೋಗುವುದೇ ಇಲ್ಲ.

ಟೈರು ಜಾರುವುದು, ಕರಿ ಪುಡಿ ಉದುರುವುದು

ಇದು ಉರುಳೆಯ ಟ್ರೈನರಿನವರಿಗೆ. ಜೋರಾಗಿ ತುಳಿದಾಗ ಸುರ್ರ್ ಎಂದು ಸದ್ದಾದರೆ ಟೈರು ಜಾರುತ್ತಿದೆ. ಇಳಿದು, ಟ್ರೈನರಿನ ಭಾರದ ಚಕ್ರವನ್ನು ಕೈಯಲ್ಲಿ ಹಿಡಿದು ತಿರುಗಿಸಿ. ಸೈಕಲ್ ಚಕ್ರವೂ ಜೊತೆಗೆ ತಿರುಗಬೇಕು. ಉರುಳೆಯಷ್ಟೇ ತಿರುಗಿ ಟೈರು ನಿಂತೇ ಇದ್ದರೆ ಒತ್ತಡದ ತಿರುಪನ್ನು ಅರ್ಧ ಸುತ್ತು ಬಿಗಿ ಮಾಡಿ, ಮತ್ತೆ ನೋಡಿ. ಅತಿಯಾಗಿ ಬಿಗಿದರೆ ಟೈರು ಕಾದು ಕರಿ ಪುಡಿಯಾಗಿ ಉದುರುತ್ತದೆ, ಸುಟ್ಟ ರಬ್ಬರಿನ ವಾಸನೆ ಮನೆ ತುಂಬುತ್ತದೆ, ಆಮೇಲಿನ ಮಾತು ಮನೆಯವರಿಗೆ ಬಿಟ್ಟದ್ದು.

ಚಳಿ ದೇಶದಲ್ಲಿ ಮಾತ್ರ ಆಗುವ ಒಂದು ಪೇಚೂ ಇದೆ. ಮೈನಸ್ 10 ಡಿಗ್ರಿಯ ಗ್ಯಾರೇಜಿನಲ್ಲಿ ನಿಂತು 100 ಪಿಎಸ್‌ಐ ಗಾಳಿ ಹೊಡೆದು, 20 ಡಿಗ್ರಿಯ ಬೇಸ್ಮೆಂಟಿಗೆ ಸೈಕಲ್ ತಂದರೆ ಒಳಗಿನ ಗಾಳಿ ಬಿಸಿಯಾಗಿ ಒತ್ತಡ 110 ದಾಟುತ್ತದೆ. ಟೈರು ಉರುಳೆಗೆ ಒತ್ತುವ ರೀತಿ ಬದಲಾಗುತ್ತದೆ, ಟ್ರೈನರು ತೋರಿಸುವ ವ್ಯಾಟ್ ಲೆಕ್ಕವೂ (ತುಳಿತದ ಶಕ್ತಿ) ಬದಲಾಗುತ್ತದೆ. ಗಾಳಿಯನ್ನು ತುಳಿಯುವ ಕೋಣೆಯಲ್ಲೇ, ಸೈಕಲ್ಲು ಒಂದೆರಡು ಗಂಟೆ ಅಲ್ಲಿ ನಿಂತ ಮೇಲೆ ಹೊಡೆಯಿರಿ. ಹತ್ತು ನಿಮಿಷ ತುಳಿದು ಎಲ್ಲ ಬೆಚ್ಚಗಾದ ಮೇಲೆ ಸ್ಪಿನ್‌ಡೌನ್ ಮಾಡಿ: ಆ್ಯಪ್ ಹೇಳಿದ ವೇಗ ಮುಟ್ಟಿಸಿ ಕಾಲು ನಿಲ್ಲಿಸಿದರೆ, ಚಕ್ರ ನಿಲ್ಲಲು ತೆಗೆದುಕೊಂಡ ಸಮಯದಿಂದ ಟ್ರೈನರು ತನ್ನ ಘರ್ಷಣೆಯನ್ನು ಅಳೆದುಕೊಳ್ಳುತ್ತದೆ. ತಣ್ಣಗಿದ್ದಾಗ ಮಾಡಿದ ಸ್ಪಿನ್‌ಡೌನ್ ಮಾಡದೇ ಇದ್ದದ್ದಕ್ಕಿಂತ ಕಡೆ.

ಪರದೆಯ ಮೇಲೆ ಗುಡ್ಡ ಬಂದರೂ ಪೆಡಲ್ ಗಟ್ಟಿಯಾಗುತ್ತಿಲ್ಲ ಎನ್ನುವ ದೂರನ್ನು ಹೊಸಬರಿಂದ ಬಹಳ ಕೇಳುತ್ತೇನೆ. ತುಳಿದಂತೆಲ್ಲ ಪರದೆಯ ಮೇಲೆ ರಸ್ತೆ ಓಡಿಸುವ ಜ್ವಿಫ್ಟ್ ಆ್ಯಪ್ ಬಳಸುವವರಾದರೆ ಸೆಟ್ಟಿಂಗ್ಸ್‌ನಲ್ಲಿ ಟ್ರೈನರ್ ಡಿಫಿಕಲ್ಟಿ ನೋಡಿ. ಬಂದಾಗಲೇ ಅದು ಅರ್ಧಕ್ಕೆ ಇರುತ್ತದೆ, ಅಂದರೆ 8 ಶೇಕಡಾ ಏರು ಕಾಲಿಗೆ 4ರಂತೆ ತಾಕುತ್ತದೆ. ದೋಷವಲ್ಲ.

ಸಿಗ್ನಲ್ ಹೋಗುವುದು

ಪರದೆಯ ಮೇಲಿನ ಮನುಷ್ಯ ಇದ್ದಕ್ಕಿದ್ದಂತೆ ಕಾಲು ಬಿಟ್ಟು ನಿಲ್ಲುತ್ತಾನೆ, ನೀವು ಇಲ್ಲಿ ಏದುಸಿರು ಬಿಡುತ್ತಿರುತ್ತೀರಿ. ಟ್ರೈನರ್ ಸಿಗುವುದೇ ಇಲ್ಲವೋ, ಸಿಕ್ಕಿ ನಡುವೆ ತಪ್ಪುತ್ತದೋ ಎನ್ನುವುದು ಇಲ್ಲಿ ಮೊದಲ ಪ್ರಶ್ನೆ.

ಸಿಗುವುದೇ ಇಲ್ಲ ಎಂದಾದರೆ ಪ್ಲಗ್ಗಿನಲ್ಲಿ ಕರೆಂಟಿದೆಯೇ ನೋಡಿ, ಆಮೇಲೆ ಜೇಬಿನ ಫೋನ್ ನೋಡಿ. ಬ್ಲೂಟೂತ್‌ನಲ್ಲಿ ಬಹಳಷ್ಟು ಟ್ರೈನರುಗಳು ಒಂದು ಸಲಕ್ಕೆ ಒಬ್ಬರ ಕೈ ಮಾತ್ರ ಹಿಡಿಯುತ್ತವೆ. ಕಂಪನಿಯ ಆ್ಯಪ್ ಫೋನಿನಲ್ಲಿ ಸದ್ದಿಲ್ಲದೆ ಟ್ರೈನರನ್ನು ಹಿಡಿದುಕೊಂಡಿದ್ದರೆ ಕಂಪ್ಯೂಟರಿಗೆ ಅದು ಕಾಣುವುದಿಲ್ಲ. ಫೋನಿನ ಬ್ಲೂಟೂತ್ ಆರಿಸಿ ಮತ್ತೆ ಹುಡುಕಿಸಿ.

ಸಿಕ್ಕಿ ತಪ್ಪುತ್ತಿದ್ದರೆ ಗದ್ದಲ ಎಲ್ಲಿಂದ ಬರುತ್ತಿದೆ ಎಂದು ಹುಡುಕಬೇಕು. ಬ್ಲೂಟೂತ್, ಆ್ಯಂಟ್ ಪ್ಲಸ್ (ಟ್ರೈನರು, ಸೆನ್ಸರುಗಳು ಮಾತಾಡುವ ಇನ್ನೊಂದು ವೈರ್‌ಲೆಸ್ ಭಾಷೆ), ಹಳೆಯ ವೈ-ಫೈ, ಮೈಕ್ರೋವೇವ್ ಒಲೆ, ಇಷ್ಟೂ 2.4 ಗಿಗಾಹರ್ಟ್ಸ್ ಎಂಬ ಒಂದೇ ಸಂತೆಯಲ್ಲಿ ಕೂಗುತ್ತವೆ. ಆ್ಯಂಟ್ ಪ್ಲಸ್ ಮಾತಾಡುವುದು 2457 ಮೆಗಾಹರ್ಟ್ಸ್‌ನಲ್ಲಿ. ವೈ-ಫೈನ 11ನೇ ಚಾನೆಲ್ಲಿನ ನಡುಬಿಂದು 2462; ಅಂದರೆ ಟ್ರೈನರಿನ ಕಿವಿಯ ಪಕ್ಕದಲ್ಲೇ. ರೌಟರನ್ನು 1ನೇ ಚಾನೆಲ್ಲಿಗೆ ಸರಿಸಿ, ಕಂಪ್ಯೂಟರನ್ನು 5 ಗಿಗಾಹರ್ಟ್ಸ್ ವೈ-ಫೈಗೆ ಹಾಕಿದರೆ ಅರ್ಧ ಕಾಯಿಲೆ ವಾಸಿ. ಸಿಗ್ನಲ್ ಹಿಡಿಯುವ ಪುಟ್ಟ ಆ್ಯಂಟ್ ಪ್ಲಸ್ ಡಾಂಗಲನ್ನು ಕಂಪ್ಯೂಟರಿನ ಬೆನ್ನಿಗೆ ಚುಚ್ಚಬೇಡಿ. ಯುಎಸ್‌ಬಿ 3 ಕಿಂಡಿಗಳೂ ಅವಕ್ಕೆ ಸಿಕ್ಕಿಸಿದ ಹಾರ್ಡ್ ಡಿಸ್ಕುಗಳೂ ಇದೇ 2.4ರಲ್ಲಿ ಗದ್ದಲ ಮಾಡುತ್ತವೆ. ಎರಡು ಮೀಟರ್ ಯುಎಸ್‌ಬಿ ವೈರು ತಂದು ಡಾಂಗಲನ್ನು ಟ್ರೈನರಿನ ಕಾಲ ಬುಡದಲ್ಲಿ ಇಡಿ. ನೀರು ತುಂಬಿದ ನಿಮ್ಮ ಮೈ ಈ ಅಲೆಗಳನ್ನು ನುಂಗುತ್ತದೆ, ನಡುವೆ ನಿಮ್ಮ ತೊಡೆ ಬರದಂತೆ ನೋಡಿಕೊಳ್ಳಿ.

ನನ್ನಲ್ಲಿ ಮಾತ್ರ ಇಷ್ಟಾದರೂ ನಿಲ್ಲಲಿಲ್ಲ. ತಪ್ಪಿದ ಸಮಯಗಳನ್ನು ಒಂದು ವಾರ ಬರೆದಿಟ್ಟೆ: 7.10, 7.15, 7.08. ಎಲ್ಲವೂ ಏಳು ಗಂಟೆ ದಾಟಿದ ಮೇಲೆ, ಒಂದೊಂದೂ ಎರಡು ನಿಮಿಷ. ನನ್ನ ತಲೆಯ ನೇರ ಮೇಲೆ ಅಡುಗೆಮನೆ. ಏಳು ಗಂಟೆಗೆ ಮಕ್ಕಳ ಊಟಕ್ಕೆ ಮೈಕ್ರೋವೇವ್‌ನಲ್ಲಿ ಸಾರು ಬಿಸಿಯಾಗುತ್ತದೆ. ಸಾರು ನಿಲ್ಲಿಸುವ ಹಾಗಿಲ್ಲವಲ್ಲ, ಸೈಕಲ್ಲನ್ನೇ ಎತ್ತಿ ಬೇಸ್ಮೆಂಟಿನ ಇನ್ನೊಂದು ಮೂಲೆಗೆ ಸರಿಸಿದೆ. ಸಿಗ್ನಲ್ ಹೋಗುವುದು ಅಂದೇ ನಿಂತಿತು. ಗೆದ್ದೆ ಅಂದುಕೊಂಡೆ.

ಎದೆಗೆ ಕಟ್ಟಿಕೊಂಡು ಎದೆಬಡಿತ ಅಳೆಯುವ ಪಟ್ಟಿ ಶುರುವಿನಲ್ಲಿ 190, 60, 210 ಎಂದು ಬಡಬಡಿಸಿದರೆ ಅದು ಸಿಗ್ನಲ್ ತೊಂದರೆಯಲ್ಲ. ಹೀಟರ್ ಉರಿಯುವ ಮನೆಯ ಒಣ ಗಾಳಿಯಲ್ಲಿ ಚರ್ಮ ಒಣಗಿರುತ್ತದೆ. ಕಟ್ಟಿಕೊಳ್ಳುವ ಮೊದಲು ಪಟ್ಟಿಯ ಒಳಮೈಗೆ ನೀರು ಹಚ್ಚಿ. ಗ್ಯಾರೇಜಿನ ಚಳಿಯಲ್ಲಿ ಬಿಟ್ಟ ಸೆನ್ಸರಾದರೆ ಬಿಲ್ಲೆ ಬ್ಯಾಟರಿಯನ್ನೂ ಬದಲಿಸಿ ನೋಡಿ.

ಪೆಡಲ್ ಕೆಸರಿನಲ್ಲಿ ಹೂತಂತೆ ಆಗುವುದು

ಎರ್ಗ್ ಎನ್ನುವ ಪದ್ಧತಿಯಲ್ಲಿ ನೀವು 200 ವ್ಯಾಟ್ ಎಂದು ಹೇಳಿದರೆ ಸಾಕು, ಟ್ರೈನರೇ ಬಿಗಿತವನ್ನು ಹೊಂದಿಸಿಕೊಳ್ಳುತ್ತದೆ. ನಿಧಾನವಾಗಿ ತುಳಿದರೆ ಬಿಗಿ, ಬೇಗ ತುಳಿದರೆ ಸಡಿಲ. ದಣಿದು ಕಾಲು ನಿಧಾನವಾಯಿತು ಎನ್ನಿ. ಟ್ರೈನರು 200 ಕಾಯ್ದುಕೊಳ್ಳಲು ಇನ್ನಷ್ಟು ಬಿಗಿಯುತ್ತದೆ, ಕಾಲು ಇನ್ನೂ ನಿಧಾನವಾಗುತ್ತದೆ, ಅದು ಇನ್ನೂ ಬಿಗಿಯುತ್ತದೆ. ನಿಮಿಷಕ್ಕೆ 90 ಸುತ್ತಿನಲ್ಲಿ 200 ವ್ಯಾಟಿಗೆ ಕ್ರ್ಯಾಂಕಿನ ಮೇಲೆ ಸುಮಾರು 21 ನ್ಯೂಟನ್ ಮೀಟರ್ ತಿರುಗುಬಲ ಸಾಕು. 45 ಸುತ್ತಿಗೆ ಇಳಿದರೆ 42 ಬೇಕು. ಸೋತವನಿಗೆ ಎರಡರಷ್ಟು ಹೊರೆ. ಕೊನೆಗೆ ಪೆಡಲ್ ನಿಂತೇಹೋಗುತ್ತದೆ, ಟ್ರೈನರ್ ಜಾಮ್ ಆಯಿತು ಎಂದು ಜನ ಕಂಪನಿಗೆ ಬರೆಯುತ್ತಾರೆ.

ಜಾಮ್ ಆಗಿಲ್ಲ. ಹತ್ತು ಸೆಕೆಂಡು ಕಾಲು ಬಿಡಿ, ಅಥವಾ ಎರ್ಗ್ ಆರಿಸಿ, ನಿಮಿಷಕ್ಕೆ 95 ಸುತ್ತಿಗೆ ಏರಿಸಿಕೊಂಡು ಮತ್ತೆ ಹಾಕಿ. ಹೆಚ್ಚು ವ್ಯಾಟಿನ ಸರದಿ ಶುರುವಾಗುವ ಮೂರ್ನಾಲ್ಕು ಸೆಕೆಂಡು ಮೊದಲೇ ಕಾಲು ಚುರುಕು ಮಾಡಿಕೊಂಡರೆ ಈ ಗುಂಡಿಗೆ ಬೀಳುವುದೇ ಕಡಿಮೆ. ಹಾಗೆ ಮಾಡಿದರೂ ಪ್ರತಿ ಸಲ ಬೀಳುತ್ತಿದ್ದೀರಾ? ಹಾಗಾದರೆ ಆ್ಯಪಿಗೆ ಕೊಟ್ಟ ನಿಮ್ಮ ಶಕ್ತಿಯ ಅಂದಾಜು ಸೆಪ್ಟೆಂಬರ್ ತಿಂಗಳದ್ದು, ಕಾಲು ಜನವರಿಯದ್ದು.

ವ್ಯಾಟ್ ಅಷ್ಟೇ, ಎದೆಬಡಿತ ಮಾತ್ರ ಹೆಚ್ಚು

ಗೆದ್ದೆ ಅಂದುಕೊಂಡೆ ಎಂದೆನಲ್ಲ, ಅದರ ಮುಂದಿನ ಕಥೆ ಇದು. ಡಿಸೆಂಬರ್ ಮೊದಲಲ್ಲಿ 180 ವ್ಯಾಟಿನಲ್ಲಿ ಒಂದು ಗಂಟೆ ತುಳಿದರೆ ಕೊನೆಗೆ ನನ್ನ ಎದೆಬಡಿತ 148. ಜನವರಿಯಲ್ಲಿ ಅದೇ 180ಕ್ಕೆ 165. ಟ್ರೈನರು ಕಡಿಮೆ ತೋರಿಸುತ್ತಿದೆ, ನಾನು ನಿಜವಾಗಿ 200 ತುಳಿಯುತ್ತಿದ್ದೇನೆ ಎಂದು ನನಗೆ ಖಾತ್ರಿಯಾಯಿತು. ಮೂರು ಸಲ ಸ್ಪಿನ್‌ಡೌನ್ ಮಾಡಿದೆ. ಟ್ರೈನರಿನ ಮುಚ್ಚಳ ತೆಗೆದು ಬೆಲ್ಟನ್ನೂ ಮುಟ್ಟಿದೆ. ಅದು ಚೆನ್ನಾಗಿಯೇ ಇತ್ತು, ನಾನು ಮುಟ್ಟಿದ ಮೇಲೆ ಕಿರುಗುಟ್ಟತೊಡಗಿತು. ಟ್ರೈನರಿನೊಳಗಿನ ಆ ಒಂದೇ ಒಂದು ದೋಷ ಎಂದೆನಲ್ಲ, ಅದು ನನ್ನದೇ ಕೊಡುಗೆ.

ಇಂಥದ್ದು ಎದುರಾದರೆ ಹೀಗೆ ಬೇರ್ಪಡಿಸಿ. ಮೊದಲು ಪಟ್ಟಿಯನ್ನು ನಂಬದೆ ಕತ್ತಿನ ನಾಡಿ ಹಿಡಿದು 15 ಸೆಕೆಂಡು ಎಣಿಸಿ ನಾಲ್ಕರಿಂದ ಗುಣಿಸಿ. ಲೆಕ್ಕ ತಾಳೆಯಾದರೆ ಹಳೆಯ ದಾಖಲೆ ತೆಗೆದು ಮೊದಲ ಹತ್ತು ನಿಮಿಷ ಮಾತ್ರ ಹೋಲಿಸಿ. ಮೈ ಬೆಚ್ಚಗಾಗುವ ಮೊದಲೇ ಎದೆಬಡಿತ ಹೆಚ್ಚಿದ್ದರೆ ಟ್ರೈನರಿನ ಲೆಕ್ಕ ತಪ್ಪಿರಬಹುದು, ಇಲ್ಲವೇ ನಿಮಗೆ ನಿದ್ದೆ ಸಾಲದೆ, ಜ್ವರ ಹತ್ತಿರವಿರಬಹುದು. ಮೊದಲ ಹತ್ತು ನಿಮಿಷ ಎರಡೂ ತಿಂಗಳು ಒಂದೇ ಇದ್ದು, ಆಮೇಲೆ ಗೆರೆ ಮೇಲಕ್ಕೆ ಹೊರಟರೆ ಟ್ರೈನರು ನಿರಪರಾಧಿ. ಅದು ಸೆಕೆ.

ನನ್ನದು ಎರಡನೆಯದು. ಮನುಷ್ಯನ ಮೈ ಸುಡುವ ಶಕ್ತಿಯಲ್ಲಿ ಕಾಲು ಭಾಗಕ್ಕಿಂತ ಕಡಿಮೆಯಷ್ಟೇ ಪೆಡಲಿಗೆ ಹೋಗುತ್ತದೆ, ಉಳಿದದ್ದು ಶಾಖ. ಪೆಡಲಿನಲ್ಲಿ 180 ವ್ಯಾಟ್ ಎಂದರೆ ಮೈಯಿಂದ ಸುಮಾರು 600 ವ್ಯಾಟ್ ಬಿಸಿ ಹೊರಗೆ ಹೋಗಬೇಕು. ರಸ್ತೆಯಲ್ಲಿ ಗಂಟೆಗೆ 30 ಕಿ.ಮೀ. ವೇಗದ ಗಾಳಿ ಅದನ್ನು ಒಯ್ಯುತ್ತದೆ. ಬೇಸ್ಮೆಂಟಿನಲ್ಲಿ ಒಯ್ಯುವವರಿಲ್ಲ, ರಕ್ತ ಚರ್ಮದ ಕಡೆ ಹರಿಯುತ್ತದೆ, ಬೆವರಿ ನೀರೂ ಕಡಿಮೆಯಾಗುತ್ತದೆ, ಅದೇ ಕೆಲಸಕ್ಕೆ ಹೃದಯ ಹೆಚ್ಚು ಬಡಿಯಬೇಕಾಗುತ್ತದೆ. ಸಾರಿಗೆ ಹೆದರಿ ನಾನು ಸೈಕಲ್ ಸರಿಸಿದ ಹೊಸ ಮೂಲೆ ಎಲ್ಲಿತ್ತು? ಮನೆ ಬಿಸಿ ಮಾಡುವ ಫರ್ನೇಸಿನ ಪಕ್ಕ. ಥರ್ಮಾಮೀಟರ್ ಇಟ್ಟು ನೋಡಿದೆ: ಹಳೆಯ ಮೂಲೆ 17 ಡಿಗ್ರಿ, ಹೊಸದು 24. ಫ್ಯಾನು ಹಳೆಯ ಮೂಲೆಯ ಪ್ಲಗ್ಗಿನಲ್ಲೇ ಉಳಿದು, ಹಿಮದಲ್ಲಿ ನೆಂದ ಮಕ್ಕಳ ಬೂಟು ಒಣಗಿಸುತ್ತಿತ್ತು.

ಉದ್ದದ ಎಕ್ಸ್‌ಟೆನ್ಷನ್ ವೈರು ತಂದು ಫ್ಯಾನನ್ನು ಎದೆಗೆ ನೇರವಾಗಿ ಇಟ್ಟೆ. ಮರುದಿನ 180ಕ್ಕೆ 151. ನೀವು ಪರೀಕ್ಷಿಸುವುದಾದರೆ ತುಳಿಯುವ ಮುಂಚೆ ಮತ್ತು ಆಮೇಲೆ, ಬೆವರು ಒರೆಸಿಕೊಂಡು, ತೂಕ ನೋಡಿ. ಕುಡಿದ ನೀರನ್ನೂ ಲೆಕ್ಕಕ್ಕೆ ಸೇರಿಸಿ. ಒಂದು ಕಿಲೊ ಇಳಿದಿದ್ದರೆ ಒಂದು ಲೀಟರ್ ಬೆವರು ಹೋಗಿದೆ. ಆ ಬೆವರಿನ ಉಪ್ಪು ಹ್ಯಾಂಡಲಿನ ಬೋಲ್ಟುಗಳನ್ನೂ ಟೇಪಿನ ಒಳಗಿನ ಲೋಹವನ್ನೂ ತಿನ್ನುತ್ತದೆ, ಟವೆಲ್ ಹೊದಿಸಿ, ಇಳಿದ ಮೇಲೆ ಒದ್ದೆ ಬಟ್ಟೆಯಲ್ಲಿ ಒರೆಸಿ.

ಕಂಪನಿಗೆ ಬರೆಯುವುದು ಯಾವಾಗ

ಕಾಲು ನಿಲ್ಲಿಸಿದ ಮೇಲೂ ಗರಗರ ಸದ್ದು ಮುಂದುವರಿದರೆ, ಬೆಲ್ಟು ಬಲ ಹಾಕಿದಾಗ ಜಾರಿದರೆ, ಸುಟ್ಟ ವೈರಿನ ವಾಸನೆ ಬಂದರೆ, ಪ್ಲಗ್ಗು ಅಡಾಪ್ಟರು ಎರಡೂ ಸರಿಯಿದ್ದು ದೀಪವೇ ಹತ್ತದಿದ್ದರೆ ಬರೆಯಿರಿ. ಬರೆಯುವಾಗ 20 ಸೆಕೆಂಡಿನ ವಿಡಿಯೊ ಕಳಿಸಿ, ಅದರಲ್ಲಿ ಕಾಲು ನಿಲ್ಲಿಸುವ ಕ್ಷಣ ಇರಲಿ. ಅವರು ಮೊದಲು ಕೇಳುವುದು ಅದನ್ನೇ. ವಾರಂಟಿ ಇರುವಾಗ ಮುಚ್ಚಳ ಮಾತ್ರ ತೆಗೆಯಬೇಡಿ. ನಾನು ತೆಗೆದಿದ್ದೆ. ಬೆಲ್ಟಿನ ದುಡ್ಡು ನಾನೇ ಕೊಟ್ಟೆ, ಅದು ಎಷ್ಟು ಎಂದು ಅಮ್ಮನಿಗೆ ಇನ್ನೂ ಹೇಳಿಲ್ಲ.